ನೀಲಿ ಕೋಟಿನವನ ಪರ ವಕಾಲತ್ತು

ಎಂಬತ್ತು ರೂಪಾಯಿ ಕೊಟ್ಟೆ. ಅಂಗಡಿಯವನು ಹೇಳಿದ್ದು ನೂರಿಪ್ಪತ್ತು. ಬೇರೆ ದಿನವಾಗಿದ್ದರೆ ಅರವತ್ತಕ್ಕೆ ತರುತ್ತಿದ್ದೆ. ಆದರೆ ಆ ದಿನ ಸಿಟ್ಟಿನಲ್ಲಿದ್ದೆ. ಸಿಟ್ಟಿನಲ್ಲಿರುವವನು ಚೌಕಾಸಿಗೆ ನಿಲ್ಲಬಾರದು, ಉಳಿದ ಇಪ್ಪತ್ತನ್ನು ದಂಡ ಅಂದುಕೊಳ್ಳಿ. ನಂಗಲಿಯ ಹೆದ್ದಾರಿಯಲ್ಲಿ ಲಾರಿಗಳು ನಿಲ್ಲುವ ಕಡೆ ಟಾರ್ಪಾಲಿನ ಕೆಳಗೆ ಆಟದ ಸಾಮಾನು ಹರಡಿಕೊಂಡು ಕೂತಿದ್ದವನ ಹತ್ತಿರ ಗೇಣುದ್ದದ ಒಂದು ಪ್ಲಾಸ್ಟಿಕ್ ಬೊಂಬೆ ಕೊಂಡೆ. ನೀಲಿ ಕೋಟು, ಎದೆಯ ಮೇಲೆ ಕಟ್ಟಿದ ಕೈ, ನಗುವಿಲ್ಲದ ಮುಖ. ಅದರ ಪಕ್ಕದಲ್ಲೇ ಕಿತ್ತಳೆ ರುಮಾಲಿನ ಇನ್ನೊಂದು ಬೊಂಬೆ ಹಲ್ಲು ಕಿರಿದುಕೊಂಡು ನಿಂತಿತ್ತು. ಅದಕ್ಕೆ ಮುನ್ನೂರೈವತ್ತು.

“ಅದ್ಯಾಕಪ್ಪ, ಒಂದೇ ಪ್ಲಾಸ್ಟಿಕ್ಕು, ಒಂದೇ ಉದ್ದ. ಇಷ್ಟು ವ್ಯತ್ಯಾಸ?” ಅಂದೆ.

“ಅವನು ಗೆಲ್ಲೋನು ಅಣ್ಣ. ಇವನು ಸೋಲೋನು. ಸೋಲೋನ್ನ ಯಾವ ಮಗೂ ಕೇಳಲ್ಲ.”

ಮೈಯೆಲ್ಲ ಉರಿದುಹೋಯಿತು. ಯಾಕೆ ಅಂತ ಹೇಳುತ್ತೇನೆ, ಕೂತುಕೊಳ್ಳಿ.

ಈ ಬೊಂಬೆಗಳು ಒಂದು ಕಾರ್ಟೂನಿನವು. ಹೆಸರು ಹೇಳುವುದಿಲ್ಲ, ಪುಕ್ಕಟೆ ಪ್ರಚಾರ ಕೊಟ್ಟು ನನಗೆ ಅಭ್ಯಾಸವಿಲ್ಲ. ಯಾವುದೋ ದೇಶದ ಹುಡುಗರು ವಿಚಿತ್ರ ಪ್ರಾಣಿಗಳನ್ನು ಪಳಗಿಸಿ, ತರಬೇತಿ ಕೊಟ್ಟು, ಕಣಕ್ಕೆ ಬಿಟ್ಟು ಕಾದಾಡಿಸುತ್ತಾರೆ. ರುಮಾಲಿನವನ ಹತ್ತಿರ ಕೊಂಬಿನ ಮರಿಯೊಂದಿದೆ. ಕೋಟಿನವನ ಹತ್ತಿರ ಬೆನ್ನ ಮೇಲೆ ಬಂಡೆ ಹೊತ್ತ ಕರಡಿ. ಇಬ್ಬರಿಗೂ ಆಗಿಬರುವುದಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಬರುತ್ತಿದ್ದ ಕಾರ್ಟೂನು, ಈಗ ನನ್ನ ಮಗಳು ಕಾವ್ಯ ಅದನ್ನೇ ಮೊಬೈಲಿನಲ್ಲಿ ನೋಡುತ್ತಾಳೆ.

ಮುಳಬಾಗಿಲು ಕಡೆಯ ನಮ್ಮೂರಿನಲ್ಲಿ ಆಗ ಟಿ.ವಿ. ಇದ್ದದ್ದು ಪಕ್ಕದ ಮನೆಯಲ್ಲಿ, ಕಾರ್ಟೂನು ಬರುತ್ತಿದ್ದದ್ದು ತೆಲುಗಿನಲ್ಲಿ. ನಮಗೇನು, ಮನೆಮಾತೇ ಅರ್ಧ ತೆಲುಗು. ನಾನೂ ನನ್ನ ತಮ್ಮ ನಾಗೇಶನೂ ಅವರ ಹೊಸ್ತಿಲ ಹತ್ತಿರ ಕೂತು ನೋಡಿ, ವಾಪಸ್ ಬರುವಾಗ ಜಗಳಕ್ಕೆ ಬೀಳುತ್ತಿದ್ದೆವು. ಅವನು ರುಮಾಲಿನ ಪಕ್ಷ, ನಾನು ಕೋಟಿನ ಪಕ್ಷ. ಜಗಳ ಬೈಗುಳವಾಗಿ, ಬೈಗುಳ ಅವ್ವನ ಕಿವಿಗೆ ಬಿದ್ದು, ಇಬ್ಬರಿಗೂ ಪೊರಕೆ ಸೇವೆ ಶುರುವಾದ ಮೇಲೆ ನಾನೊಂದು ಉಪಾಯ ಹೂಡಿದೆ.

ಆಗಲೇ ನಾನು ರಜೆಯಲ್ಲಿ ದನದ ಸಂತೆಗೆ ಹೋಗಿ ಯಾರ್ಯಾರದೋ ಹಸುವಿನ ಹಗ್ಗ ಹಿಡಿದು ನಿಲ್ಲುತ್ತಿದ್ದೆ. (ಇವತ್ತು ಅದೇ ಸಂತೆಯಲ್ಲಿ ಸೀಮೆ ಹಸು ಕೊಳ್ಳುವವರು ಮೊದಲು ನನ್ನ ಮುಖ ನೋಡುತ್ತಾರೆ. ಈ ಕತೆಗೆ ಅದು ಬೇಕಿಲ್ಲ, ಆದರೂ ಹೇಳಿರುತ್ತೇನೆ.) ಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಆಡುವುದಿಲ್ಲ. ಕೈಯ ಮೇಲೆ ಟವೆಲ್ ಹಾಕಿಕೊಂಡು, ಅದರ ಕೆಳಗೆ ಒಬ್ಬರ ಬೆರಳು ಒಬ್ಬರು ಹಿಡಿದು ಹೇಳುವುದು. ಮೇಲೆ ಬಾಯಿ “ಅಯ್ಯೋ, ಬಡಕಲು ಹಸು” ಅನ್ನುತ್ತಿರುತ್ತದೆ, ಕೆಳಗೆ ಬೆರಳು ನಿಜ ಹೇಳುತ್ತಿರುತ್ತದೆ. ಒಪ್ಪಿಗೆಯಾಗದಿದ್ದರೆ ಕೈ ಹೊರಗೆ ತೆಗೆದರಾಯಿತು, ಯಾರಿಗೂ ಅವಮಾನವಿಲ್ಲ. ಟವೆಲ್ ಕೆಳಗೆ ಆದದ್ದನ್ನು ಮೂರನೆಯವನಿಗೆ ಹೇಳುವಂತಿಲ್ಲ. ಈ ಪದ್ಧತಿಯನ್ನೇ ಕಾರ್ಟೂನಿಗೆ ಹಚ್ಚಿದೆವು. ಹೊಡೆತದಲ್ಲಿ ರುಮಾಲಿನವನಿಗೆ ಎಷ್ಟು ಬೆರಳು? ತಡೆಯುವುದರಲ್ಲಿ ಕೋಟಿನವನಿಗೆ ಎಷ್ಟು? ಸದ್ದಿಲ್ಲದ ಜಗಳ. ಅವ್ವ ಪೊರಕೆ ಹಿಡಿದು ಬಂದು ನೋಡಿದರೆ ಅಣ್ಣತಮ್ಮಂದಿರು ಕೈ ಕೈ ಹಿಡಿದು ಕೂತಿದ್ದೇವೆ!

ನ್ಯಾಯವಾಗಿಯೇ ತೂಗುತ್ತೇನೆ. ಹೊಡೆತದಲ್ಲಿ ರುಮಾಲಿನವನು ಚುರುಕು, ಒಪ್ಪುತ್ತೇನೆ. ಎದುರಾಳಿ ಎಣಿಸದ ಕಡೆಯಿಂದ ಮರಿಯನ್ನು ನುಗ್ಗಿಸುತ್ತಾನೆ. ತಡೆ? ಇಲ್ಲವೇ ಇಲ್ಲ. ಮರಿಯ ಮೇಲೆ ಏಟು ಬೀಳುವಾಗ ಇವನು ಮುಷ್ಟಿ ಬಿಗಿದು ಕಣ್ಣಲ್ಲಿ ನೀರು ತುಂಬಿಕೊಳ್ಳುತ್ತಾನೆ. ಅದರಿಂದ ಮರಿಗೇನು ಬಂತು? ಕೋಟಿನವನು ಕಾದಾಟಕ್ಕೆ ಮೊದಲು ಕಣವನ್ನು ಒಂದು ಸುತ್ತು ಹಾಕುತ್ತಾನೆ, ನೆಲ ತುಳಿದು ನೋಡುತ್ತಾನೆ, ಎದುರಿನ ಪ್ರಾಣಿಯ ಕಾಲು ನೋಡುತ್ತಾನೆ. ಹಸು ಕೊಳ್ಳುವ ಮುಂಚೆ ನಾನು ಗೊರಸು ನೋಡುವ ಹಾಗೆ. ಇನ್ನು ಮೂರನೆಯ ವಿದ್ಯೆ, ಯಾರೂ ಲೆಕ್ಕಕ್ಕೇ ಹಿಡಿಯದ ವಿದ್ಯೆ: ವಾಪಸ್ ಕರೆಯುವುದು. ಕಲ್ಲುಕ್ವಾರಿಯ ಕಾದಾಟದಲ್ಲಿ ಕರಡಿಯ ಮುಂಗಾಲು ಜಾರಿ ಮಡಚಿಕೊಂಡಿತು. ಕೋಟಿನವನು ಕೈಯೆತ್ತಿ “ಸಾಕು, ಬಾ” ಅಂದ. ಸೋಲೊಪ್ಪಿ ನಡೆದ. ಅದಕ್ಕೆ ಆ ಕಾರ್ಟೂನಿನಲ್ಲಿ ಎಲ್ಲರೂ ಅವನನ್ನು ಕಲ್ಲೆದೆಯವನು, ಹೇಡಿ ಅಂದರು. ರುಮಾಲಿನವನ ಮರಿ ಬಿದ್ದಾಗ ಅವನು ಕೂಗಿದ್ದು “ಲೇ ರಾ, ಲೇ!” ಅಂತ, ಅಂದರೆ ಏಳೋ, ಏಳು ಅಂತ. ಮರಿ ನಡುಗುತ್ತಾ ಎದ್ದಿತು, ಕೊಂಬು ಹೊಳೆಯಿತು, ಗೆದ್ದಿತು, ಸಂಗೀತ ಬಂತು. ಕತೆ ಬರೆದ ಪುಣ್ಯಾತ್ಮನಿಗೆ ನನ್ನದೊಂದೇ ಪ್ರಶ್ನೆ: ಮಾರನೆಯ ದಿನ ಆ ಮರಿ ಮೇವು ತಿಂದಿತೇನಯ್ಯ? ತೋರಿಸುವುದಿಲ್ಲ. ಮಾರನೆಯ ದಿನವನ್ನು ಅವರು ಯಾವತ್ತೂ ತೋರಿಸುವುದಿಲ್ಲ.

ನಮ್ಮ ಮನೆಯಲ್ಲಿ ಮಾರನೆಯ ದಿನ ಬಂತು. ನಮ್ಮದೊಂದು ಟಗರಿತ್ತು, ಕರಿಯ. ನಾನು ಸಂತೆಗೆ ಹೋಗಿದ್ದ ಒಂದು ಬೆಳಗ್ಗೆ ನಾಗೇಶ ಅದನ್ನು ಕೆರೆಯಂಗಳಕ್ಕೆ ಹೊಡೆದುಕೊಂಡು ಹೋಗಿ ಕೆಳಗಿನ ಬೀದಿಯವರ ಟಗರಿನ ಎದುರು ಬಿಟ್ಟ. ಕರಿಯ ಮಂಡಿಯೂರಿತು. ಎದುರಿನವರು ತಮ್ಮ ಟಗರನ್ನು ಹಿಡಿದು ಹಿಂದಕ್ಕೆಳೆದರಂತೆ. ಇವನು ಬಿಡಲಿಲ್ಲ. ಕಾರ್ಟೂನಿನ ಅದೇ ಕೂಗು ಕೂಗಿದ. ಕರಿಯನಿಗೆ ಇವನೆಂದರೆ ಪ್ರಾಣ. ಎದ್ದು ಮತ್ತೆ ನುಗ್ಗಿತು. ಅವತ್ತು ವಾಲಿದ ಕತ್ತು ಆಮೇಲೆ ನೆಟ್ಟಗಾಗಲೇ ಇಲ್ಲ. ಇರುವಷ್ಟು ದಿನ ಇವನೇ ಅದರ ಬಾಯಿಗೆ ಹಿಪ್ಪುನೇರಳೆ ಸೊಪ್ಪು ಇಟ್ಟು ತಿನ್ನಿಸಿದ. ಪ್ರೀತಿ ಇರಲಿಲ್ಲವೆಂದು ನಾನು ಹೇಳುತ್ತಿಲ್ಲ. ಪ್ರೀತಿ ಧಾರಾಳವಾಗಿತ್ತು, “ಸಾಕು” ಎಂಬ ಒಂದು ಮಾತಿರಲಿಲ್ಲ.

ಈಗ ನಾಗೇಶ ವೇಮಗಲ್ಲಿನ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದಾನೆ. ಕೆಲಸ ಮುಗಿಸಿ ಬಂದು ನಮ್ಮೂರ ಶಾಲೆಯ ಬಯಲಿನಲ್ಲಿ ಹೆಣ್ಣುಮಕ್ಕಳಿಗೆ ಕಬಡ್ಡಿ ಕಲಿಸುತ್ತಾನೆ. ಒಂದು ಕಾಸು ಮುಟ್ಟುವುದಿಲ್ಲ. ಅದು ಅವನ ದೊಡ್ಡ ಗುಣ. ಅವನ ತಂಡದಲ್ಲಿ ರೈಡಿಗೆ ಹೋಗುವವರಲ್ಲಿ ಎಲ್ಲರಿಗಿಂತ ಚುರುಕು ನನ್ನ ಕಾವ್ಯ. ಅಭ್ಯಾಸದಲ್ಲಿ ಅವಳ ಮಂಡಿ ತಿರುಚಿಕೊಂಡಿತು. ತಾವು ಹೇಳುವವರೆಗೂ ಕಣಕ್ಕಿಳಿಯಬಾರದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಅಷ್ಟರಲ್ಲಿ ಶ್ರೀನಿವಾಸಪುರದಲ್ಲಿ ಭಾನುವಾರ ಫೈನಲ್ಲು. ಶನಿವಾರ ಸಂಜೆ ನಾಗೇಶ ಮಂಡಿಗೆ ಕಟ್ಟುವ ಪಟ್ಟಿ ಹಿಡಿದು ಮನೆಗೆ ಬಂದ.

“ಅಣ್ಣ, ಇದನ್ನ ಬಿಗಿದು ಆಡ್ಲಿ. ಫೈನಲ್ಲು ದಿನಾ ಬರಲ್ಲ ಕಣಣ್ಣ.”

“ಮಂಡಿ ದಿನಾ ಬರ್ತದೇನ್ಲಾ? ಡಾಕ್ಟ್ರು ಹೇಳಿದ್ದು ಕಿವಿಗೆ ಬೀಳಲಿಲ್ವಾ?”

“ಡಾಕ್ಟ್ರುಗಳು ಹಂಗೇ ಅಂತಾರೆ. ಛಲ ಅನ್ನೋದೊಂದಿರ್ತದೆ. ಬಿದ್ದೋರು ಏಳ್ಬೇಕು.”

“ಕರಿಯನೂ ಎದ್ದಿತ್ತು.”

ಅವನ ಮುಖ ಕಪ್ಪಿಟ್ಟಿತು. ನನಗೆ ಕನಿಕರ ಹುಟ್ಟಲಿಲ್ಲ, ಸುಳ್ಳೇಕೆ. ಅವನು ಪಟ್ಟಿಯನ್ನು ಕೈ ಬದಲಿಸಿ, “ಅವಳನ್ನೇ ಕೇಳಣ. ಆಡಲ್ಲ ಅಂದ್ರೆ ನಾನ್ಯಾಕೆ ಬಲವಂತ ಮಾಡ್ಲಿ?” ಎಂದು ಕಾವ್ಯಳ ಕಡೆ ತಿರುಗಿದ. “ನೋವಿದ್ಯೇನಮ್ಮ?”

“ಇಲ್ಲ ಚಿಕ್ಕಪ್ಪ. ಒಂಚೂರೂ ಇಲ್ಲ. ಆಡ್ತೀನಿ.”

“ನೋಡಿದ್ಯಾ?” ಅಂದ ನನಗೆ, ಕಾದಾಟ ಗೆದ್ದವನ ಹಾಗೆ.

ಏನು ನೋಡುವುದು? ಎದುರು ನಿಲ್ಲಿಸಿಕೊಂಡು, ಕೈಯಲ್ಲಿ ಪಟ್ಟಿ ಹಿಡಿದುಕೊಂಡು, “ನೋವಿದೆಯಾ” ಎಂದು ಗುರು ಕೇಳಿದರೆ ಯಾವ ಹುಡುಗಿ ಇದೆ ಅಂತಾಳೆ? ಮಾಲೀಕನ ಎದುರು ನಿಂತು ಹಸುವಿನ ಐಬು ಕೇಳಿದ ಹಾಗೆ. ನನಗೆ ಕೈಗೆ ಸಿಕ್ಕಿದ್ದು ಎತ್ತಿ ಎಸೆಯುವಷ್ಟು ಕೋಪ ಬಂದಿತ್ತು. ಸಿಕ್ಕಿದ್ದು ಹೆಗಲ ಮೇಲಿನ ಟವೆಲ್.

ಕಾವ್ಯಳಿಗೂ ಆ ಆಟ ಗೊತ್ತು. ಮೊಬೈಲಿನಲ್ಲಿ ಕಾರ್ಟೂನು ನೋಡಿ ನಾವಿಬ್ಬರೂ ರುಮಾಲಿಗೆಷ್ಟು, ಕೋಟಿಗೆಷ್ಟು ಎಂದು ಬೆರಳು ಹಿಡಿದಿದ್ದೇವೆ. ಟವೆಲನ್ನು ಅವಳ ಕೈಮೇಲೆ ಹಾಸಿ, “ಲೇ ನಾಗ, ಕೈ ಹಾಕು. ಗುರು ನೀನು, ನಾನಲ್ಲ. ಕಾವ್ಯಾ, ನೋವಿಗೆ ಎಷ್ಟು ಬೆರಳೋ ಅಷ್ಟು ಹಿಡಿ. ಇಲ್ದಿದ್ರೆ ಮುಟ್ಲೇಬೇಡ” ಅಂದೆ.

ಅವನು ನಗುತ್ತಲೇ ಕೈ ಹಾಕಿದ. ಕಾವ್ಯಳ ಬಾಯಿ ಆಗಲೂ, “ನಿಜ್ವಾಗ್ಲೂ ನೋವಿಲ್ಲ ಚಿಕ್ಕಪ್ಪ” ಅನ್ನುತ್ತಿತ್ತು. ಟವೆಲ್ ಒಂದಿಷ್ಟು ಅಲುಗಿತು. ನಾಗೇಶನ ನಗು ಇದ್ದಲ್ಲೇ ನಿಂತಿತು. ಅವಳು ಹಿಡಿದ ಕೈ ಬಿಡಲಿಲ್ಲ, ಅವನೂ ಬಿಡಿಸಿಕೊಳ್ಳಲಿಲ್ಲ. ಆಮೇಲೆ ಅವನು ಇನ್ನೊಂದು ಕೈಯಲ್ಲಿದ್ದ ಪಟ್ಟಿಯನ್ನು ಸುತ್ತಿ ಜೇಬಿಗಿಟ್ಟುಕೊಂಡು, “ಸಾಕು. ನಾಳೆ ನೀನು ಆಡಲ್ಲ ಕಣಮ್ಮ” ಅಂದ. ಹುಡುಗಿ ಆಗ ಅತ್ತಳು.

“ಎಷ್ಟು ಹಿಡಿದಳೋ?” ಅಂದೆ.

“ಟವೆಲ್ ಕೆಳಗಿಂದು ಕೇಳ್ತೀಯಾ? ನೀನೆಂಥಾ ವ್ಯಾಪಾರದೋನು!” ಎಂದು ಬೈದು ಎದ್ದುಹೋದ. ಇವತ್ತಿಗೂ ನನಗೆ ಆ ಲೆಕ್ಕ ಗೊತ್ತಿಲ್ಲ.

ಭಾನುವಾರ ಸೋತೆವು. ಚೆನ್ನಾಗಿಯೇ ಸೋತೆವು. ವಾಪಸ್ ಬರುವ ಟೆಂಪೋದಲ್ಲಿ ನಮ್ಮೂರಿನ ಹಿರಿಯರೊಬ್ಬರು, “ಮಗಳನ್ನ ಮಾವಿನಕಾಯಿ ಹಂಗೆ ಹುಲ್ಲಲ್ಲಿಟ್ಟು ಹಣ್ಣು ಮಾಡ್ತೀಯೇನಯ್ಯ? ಅಣ್ಣತಮ್ಮ ಸೇರಿ ಊರಿನ ಮಾನ ಕಳೆದ್ರಿ” ಅಂದರು. ಬೇರೆಯವರ ಮಂಡಿಯ ಮೇಲೆ ಮಾನ ನಿಲ್ಲಿಸಿಕೊಳ್ಳುವ ಊರಿಗೆ ಏನು ಹೇಳುವುದು? ಆ ಸಿಟ್ಟು ಆರುವ ಮೊದಲೇ ಸೋಮವಾರ ವ್ಯಾಪಾರದ ಮೇಲೆ ನಂಗಲಿಗೆ ಹೋಗಿದ್ದು, “ಸೋಲೋನ್ನ ಯಾವ ಮಗೂ ಕೇಳಲ್ಲ” ಎಂಬ ಮಾತು ಕಿವಿಗೆ ಬಿದ್ದದ್ದು.

ಬೊಂಬೆ ಈಗ ನಮ್ಮ ಟಿ.ವಿ.ಯ ಪಕ್ಕ ನಿಂತಿದೆ. ನಿನ್ನೆ ನಾಗೇಶ ಬಂದವನು ಅದನ್ನು ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದ.

“ಎಷ್ಟು ಕೊಟ್ಟೆ?”

“ಎಂಬತ್ತು.”

“ಟೋಪಿ ಹಾಕಿದ್ದಾನೆ ನಿಂಗೆ. ರುಮಾಲಿನೋನು ಎಷ್ಟಂತೆ?”

“ಮುನ್ನೂರೈವತ್ತು.”

ಅವನು ಬೊಂಬೆಯನ್ನು ಮೊದಲಿದ್ದ ಜಾಗದಲ್ಲೇ ನೆಟ್ಟಗೆ ನಿಲ್ಲಿಸಿದ. “ದುಬಾರಿ,” ಅಂದ.

ಅಷ್ಟಕ್ಕೇ ನನ್ನ ಅರ್ಧ ಸಿಟ್ಟು ಇಳಿಯಿತು. ಉಳಿದರ್ಧ ಇರಲಿ, ಕೆಲಸಕ್ಕೆ ಬರುತ್ತದೆ.

ನಿಮಗೆ ಹೇಳುವುದಿಷ್ಟು. ಹಸುವಿನ ವ್ಯಾಪಾರಕ್ಕೇ ಕೂರಿ, ಮಗುವನ್ನು ಕಣಕ್ಕೇ ಕಳಿಸಿ, ಎಲ್ಲಿ ಕೈ ಹೊರಗೆ ತೆಗೆಯಬೇಕೆಂದು ಮನೆಯಲ್ಲೇ ತೀರ್ಮಾನಿಸಿಕೊಂಡು ಹೊರಡಿ. ಅಲ್ಲಿ ಹೋದ ಮೇಲೆ ಚಪ್ಪಾಳೆಯ ಸದ್ದಿನಲ್ಲಿ ಬುದ್ಧಿ ಓಡುವುದಿಲ್ಲ. ಮಗುವಿಗೆ ಕಲಿಸುವವನನ್ನು ಹುಡುಕುವಾಗ ಎಷ್ಟು ಕಪ್ಪು ಗೆದ್ದಿದ್ದೀಯ ಎಂದು ಕೇಳಬೇಡಿ, ಯಾರನ್ನಾದರೂ ವಾಪಸ್ ಕರೆದಿದ್ದೀಯಾ ಎಂದು ಕೇಳಿ. ನೋವಿದೆಯಾ ಎಂದು ನಾಲ್ಕು ಜನರೆದುರು ವಿಚಾರಿಸಬೇಡಿ. ಬಾಯಿಗೆ ಮರ್ಯಾದೆಯ ಭಯವಿರುತ್ತದೆ, ಬೆರಳಿಗಿರುವುದಿಲ್ಲ. ಅದಕ್ಕೊಂದು ಟವೆಲ್ ಇಟ್ಟುಕೊಳ್ಳಿ. ದಪ್ಪನೆಯದನ್ನೇ ಕೊಳ್ಳಿ, ನಾಲ್ಕು ಕಾಸು ಹೆಚ್ಚಾದರೂ ಚಿಂತೆಯಿಲ್ಲ. ತೆಳುವಾದರೆ ಬೆರಳು ಹೊರಗೆ ಕಾಣುತ್ತವೆ.