ಟೀವಿಯಲ್ಲಿ ಸತ್ತ ಅಣ್ಣ

ನನ್ನ ಅಣ್ಣ ಸತ್ತದ್ದು ಒಂದು ಭಾನುವಾರ ಮಧ್ಯಾಹ್ನ, ಊಟ ಮುಗಿಸಿ ನಾವೆಲ್ಲ ಟೀವಿ ಮುಂದೆ ಕೂತಿದ್ದಾಗ. ಅದಕ್ಕೆ ವರ್ಷದ ಹಿಂದೆ ಕೆಲಸಕ್ಕೆಂದು ಹಲಸೂರಿನ ಮನೆಯಿಂದ ಹೊರಟವನು ಮರಳಿರಲಿಲ್ಲ. ಪೊಲೀಸರಿಗೆ ದೂರು ಕೊಟ್ಟೆವು, ಆಸ್ಪತ್ರೆ ಆಸ್ಪತ್ರೆ ಅಲೆದೆವು, ಹರಕೆ ಹೊತ್ತೆವು. ಕೊನೆಗೆ ಅಮ್ಮ ಯಾರದೋ ಮಾತು ಕೇಳಿ ಒಂದು ಚಾನೆಲ್ಲಿನವರನ್ನು ಕರೆಸಿದಳು. ಫೋಟೋ ತೋರಿಸಿದರೆ ಮಗ ಸಿಗುತ್ತಾನೆ ಎಂಬ ಆಸೆ.

ಅವರು ಕಥೆ ಮಾಡಿ ತೋರಿಸಿದರು. ಹೆಸರು ಬದಲಿಸಿದ್ದರು; ನಮ್ಮ ಬೀದಿ, ನಮ್ಮ ಗೇಟು, ಬಾಗಿಲಲ್ಲಿ ಅತ್ತಿಗೆ ಬಿಟ್ಟ ರಂಗೋಲಿ ಮಾತ್ರ ಹಾಗೆಯೇ ಇದ್ದವು. ಅತ್ತಿಗೆಯ ಪಾತ್ರದವಳು ಫೋನಿನಲ್ಲಿ ಯಾರೊಂದಿಗೋ ಕಿಸಿಕಿಸಿ ನಗುತ್ತಾ ಗಂಡನ ಸಾರಿಗೆ ಏನೋ ಪುಡಿ ಬೆರೆಸಿದಳು. ಕಪ್ಪು ಕೋಟಿನ ನಿರೂಪಕ ‘ತೀರ್ಮಾನ ನಿಮಗೇ ಬಿಟ್ಟಿದ್ದು’ ಎಂದ. ಇಡೀ ಬೀದಿ ಅಲ್ಲೇ ತೀರ್ಮಾನ ಮಾಡಿತು. ನನ್ನ ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಿದ್ದ ಅತ್ತಿಗೆ, ‘ಈ ಟೀವಿಯೋರು ಬಂದಾಗ ನಾನೇ ಟೀ ಮಾಡ್ಕೊಟ್ಟಿದ್ದೆ’ ಎಂದಳು, ಅಷ್ಟೇ.

ಮರುದಿನದಿಂದ ಅಮ್ಮ ಅವಳನ್ನು ಅಡುಗೆಮನೆಗೆ ಬಿಡಲಿಲ್ಲ. ಪಕ್ಕದ ಮನೆಯವರು ಅವಳು ಕೊಟ್ಟ ಒಬ್ಬಟ್ಟನ್ನು ನಾಯಿಗೆ ಹಾಕಿದರು. ನಾಯಿ ತಿಂದು ಬಾಲ ಅಲ್ಲಾಡಿಸಿತು, ಆದರೂ ಅವರ ಅನುಮಾನ ಹೋಗಲಿಲ್ಲ. ಮಡಕೆ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗದು. ತವರಿಗಾದರೂ ಹೋಗೋಣವೆಂದರೆ ಅವರೂ ಅದೇ ಚಾನೆಲ್ ನೋಡುವವರು.

ಮಹಾಲಯ ಅಮಾವಾಸ್ಯೆ ಬಂತು. ತೀರಿಹೋದವರಿಗೆ ಅವರ ಇಷ್ಟದ್ದೆಲ್ಲ ಎಡೆ ಇಡುವುದು ನಮ್ಮಲ್ಲಿ ವಾಡಿಕೆ. ಅಪ್ಪನ ಫೋಟೋ ಪಕ್ಕದಲ್ಲಿ ಅಮ್ಮ ಅಣ್ಣನ ಫೋಟೋ ಇಟ್ಟು ಹಾರ ಹಾಕಿದಳು. ಮುಂದೆ ಮುದ್ದೆ, ಮಟನ್ ಸಾರು, ಹೊಸ ಶರ್ಟು, ಸಿಗರೇಟು, ಒಂದು ಕ್ವಾರ್ಟರ್.

‘ಹೆಣಾನೇ ಸಿಕ್ಕಿಲ್ಲ, ಇದೇನಮ್ಮ?’ ಎಂದೆ.

‘ಟೀವೀಲಿ ತೋರ್ಸಿದ್ರಲ್ಲ’ ಎಂದಳು.

ಹಣೆಯ ಕುಂಕುಮ ಅಳಿಸಿಕೋ ಎಂದು ಅತ್ತಿಗೆಗೆ ಹೇಳಿಕಳಿಸಿದಳು. ಅತ್ತಿಗೆ ಇನ್ನಷ್ಟು ದೊಡ್ಡದಾಗಿ ಇಟ್ಟುಕೊಂಡಳು. ನನಗೆ ಒಳಗೊಳಗೇ ಖುಷಿಯಾಯಿತು.

ಮುಂದಿನ ಬೇಸಿಗೆಯಲ್ಲಿ ಕೆ.ಆರ್. ಪುರದ ಸಂತೆಗೆ ಹೋಗಿದ್ದೆ. ಬೇಕರಿಯೊಂದರ ಮುಂದೆ ನಿಂತು ಅಣ್ಣ ದಿಲ್‌ಪಸಂದ್ ತಿನ್ನುತ್ತಿದ್ದ. ನನ್ನನ್ನು ಕಂಡವನು ‘ಬಾ, ಟೀ ಕುಡಿ’ ಎಂದ. ನಮ್ಮ ಮನೆಗೆ ಮೆಟ್ರೋದಲ್ಲಿ ಅರ್ಧ ಗಂಟೆಯೂ ಇಲ್ಲದ ಕಡೆ, ಬೇರೊಬ್ಬಳ ಜೊತೆ ಸಂಸಾರ ಹೂಡಿದ್ದ. ಟೀವಿಯಲ್ಲಿ ಬಂದದ್ದನ್ನು ನೋಡಲಿಲ್ಲವೇ ಎಂದು ಕೇಳಿದೆ.

‘ನೋಡ್ದೆ ಕಣೆ. ಅಲ್ಲ, ನಾನು ಅಷ್ಟೊಂದು ದಪ್ಪ ಇದ್ನಾ? ಆ ಡುಮ್ಮನ್ನ ಎಲ್ಲಿಂದ ಹಿಡ್ಕೊಂಡ್ ಬಂದ್ರು?’

ಕೆನ್ನೆಗೆ ಬಾರಿಸಬೇಕೆನಿಸಿತು. ಬಾರಿಸದೆ, ಕೈ ಹಿಡಿದು ಮನೆಗೆ ಎಳೆದುಕೊಂಡು ಬಂದೆ.

ಅಮ್ಮ ದೃಷ್ಟಿ ತೆಗೆದಳು, ಅತ್ತಳು, ಕೋಳಿ ತರಿಸಿದಳು. ಬೀದಿಯ ಹೆಂಗಸರೆಲ್ಲ ಬಂದು ಅತ್ತಿಗೆಗೆ, ‘ನಿನ್ ತಾಳಿ ಗಟ್ಟಿ ಕಣಮ್ಮ’ ಎಂದರು. ತಪ್ಪಾಯಿತು ಎಂದವರು ಒಬ್ಬರೂ ಇಲ್ಲ. ಅಮ್ಮನಂತೂ ಏನೂ ನಡೆದೇ ಇಲ್ಲವೆಂಬಂತೆ, ‘ಏಳಮ್ಮ, ನೀನೇ ಸಾರ್ ಮಾಡು, ಅವ್ನಿಗೆ ನಿನ್ ಕೈ ರುಚಿನೇ ಇಷ್ಟ’ ಎಂದಳು.

ಅತ್ತಿಗೆ ಏಳಲಿಲ್ಲ. ತನ್ನ ಫೋನು ತೆಗೆದು ಅಣ್ಣನ ಮುಖಕ್ಕೆ ಹಿಡಿದಳು.

‘ರೀ, ಇದ್ರಲ್ಲಿ ಒಂದೇ ಒಂದು ಮಾತು ಹೇಳಿ. ನಾನು ಬದ್ಕಿದೀನಿ, ನನ್ ಹೆಂಡ್ತಿ ನಂಗೇನೂ ಮಾಡಿಲ್ಲ ಅಂತ. ಎಲ್ರಿಗೂ ಕಳಿಸ್ತೀನಿ. ಆಮೇಲೆ ನೀವು ಎಲ್ಲಿಗ್ ಬೇಕಾದ್ರೂ ಹೋಗಿ.’

ಅಣ್ಣ ಮುಖ ತಿರುಗಿಸಿದ. ‘ಅದೆಲ್ಲ ಬೇಡ ಕಣೆ. ನಾಲ್ಕು ಜನ ನೋಡಿದ್ರೆ ನನ್ ಮಾನ ಏನಾಗ್ಬೇಕು?’

ಅವಳು ಫೋನು ಕೆಳಗಿಳಿಸಿದಳು. ಸೀರೆಗಳನ್ನು ಚೀಲಕ್ಕೆ ತುಂಬಿಕೊಂಡು, ನನ್ನ ತಲೆ ಸವರಿ, ಚಪ್ಪಲಿ ಮೆಟ್ಟಿ ಹೋದಳು. ಎಲ್ಲಿಗೆ ಎಂದು ಕೇಳುವ ಮುಖ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಅಮ್ಮ ಕೋಳಿಯನ್ನು ಒಲೆಯ ಮೇಲಿಟ್ಟು, ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು.

‘ನೋಡಿದ್ಯಾ, ಗಂಡ ವಾಪಸ್ ಬಂದ ದಿನಾನೇ ಮನೆ ಬಿಟ್ಟು ಹೋಗ್ತಾಳೆ. ಟೀವಿಯೋರು ಸುಮ್‌ಸುಮ್ನೆ ಹೇಳ್ತಾರಾ?’