ರಬ್ಬರ್ ಕೀಗಳ ಕಂಪ್ಯೂಟರ್ ಮತ್ತು ಆ ಬೂದು ಡಬ್ಬ

ನನ್ನ ಹತ್ತಿರ ಇದ್ದ ಹಳೆಯ ಕಂಪ್ಯೂಟರ್‌ಗಳು ಎರಡು. ಒಂದೆಂದರೆ ಪ್ರಾಣ, ಇನ್ನೊಂದನ್ನು ಕಂಡರಾಗದು.

ಪ್ರಾಣವಾಗಿದ್ದುದು ಸೋದರಮಾವ ಬೊಂಬಾಯಿಯಿಂದ ತಂದುಕೊಟ್ಟ, ಟೀವಿಗೆ ಸಿಕ್ಕಿಸುವ ಪುಟ್ಟ ಕಪ್ಪು ಯಂತ್ರ. ಮೆತ್ತನೆಯ ರಬ್ಬರ್ ಕೀಗಳು. ಪ್ರೋಗ್ರಾಮನ್ನು ಕ್ಯಾಸೆಟ್ಟಿನಿಂದ ಓದಿಕೊಳ್ಳುವಾಗ ಕರ್ಕಶವಾಗಿ ಕಿರುಚುತ್ತಿತ್ತು, ಆದರೆ ಸ್ವಿಚ್ ಹಾಕಿದ ಕೂಡಲೇ ಕೆಲಸಕ್ಕೆ ತಯಾರು. ಕಂಡರಾಗದ್ದು ಆಮೇಲೆ ಕೊಂಡ ಬೂದು ಬಣ್ಣದ ತ್ರೀ ಎಯ್ಟಿ ಸಿಕ್ಸ್ ಎಂಬ ದೊಡ್ಡ ಕಂಪ್ಯೂಟರ್. ಸ್ವಿಚ್ ಹಾಕಿ ಕಾಫಿ ಕುಡಿದು ಬಂದರೂ ಇನ್ನೂ ಏಳುತ್ತಲೇ ಇರುತ್ತಿತ್ತು. ಹಿಟ್ಟಿನ ಗಿರಣಿಯಂಥ ಸದ್ದು ಬೇರೆ. ಫ್ಲಾಪಿ ಹಾಕಿದರೆ ಓದಿದರೆ ಓದಿತು, ಇಲ್ಲವಾದರೆ ಇಲ್ಲ.

ರಬ್ಬರ್ ಕೀಗಳ ಮೇಲೆ ನನ್ನೊಡನೆ ಪ್ರೋಗ್ರಾಂ ಬರೆಯಲು ಕಲಿತವನು ರಿಪ್ಪನ್‌ಪೇಟೆಯ ಗೆಳೆಯ. ಅದನ್ನು ಒಂದು ವಾರ ಮನೆಗೆ ಕೊಡು ಎಂದು ಎಷ್ಟೋ ಸಲ ಕೇಳಿದ್ದ. ನಾನು ಕೊಡಲಿಲ್ಲ. ಹಾಳಾದೀತೆಂದು ಯಾರಿಗೂ ಮುಟ್ಟಗೊಡದೆ, ಪ್ಲಾಸ್ಟಿಕ್ಕಿನ ಮೇಲೆ ಪ್ಲಾಸ್ಟಿಕ್ ಸುತ್ತಿ ಬೀರುವಿನಲ್ಲಿಟ್ಟೆ. ಬೂದು ಡಬ್ಬವನ್ನು ಬಚ್ಚಲೊಲೆಯ ಹಿಂದಿನ ಕಟ್ಟಿಗೆ ಕೋಣೆಗೆ ತಳ್ಳಿದೆ.

ಕಳೆದ ವರ್ಷ ಆ ಗೆಳೆಯನಿಗೆ ಸ್ಟ್ರೋಕ್ ಆಯಿತು. ಬಲಗೈ ಬಿದ್ದುಹೋಯಿತು. ಬೆರಳು ಆಡಿಸುತ್ತಿರಬೇಕು ಎಂದಿದ್ದರಂತೆ ಡಾಕ್ಟರು. ಫೋನ್ ಮಾಡಿದ. ಮಾತು ಇನ್ನೂ ತೊದಲುತ್ತಿತ್ತು.

"ಮೊಬೈಲ್ ಮೇಲೆ ಬೆರಳು ಜಾರ್ತದೆ ಮಾರಾಯ. ಆ ರಬ್ಬರ್ ಕೀ ಆದ್ರೆ ಒತ್ತಬಹುದೇನೋ. ಸಾಗರಕ್ಕೆ, ನಿನ್ ಮನೆಗೆ ಬರ್ಲಾ?"

"ಬಾ, ಅದಕ್ಕೇನು" ಎಂದು ಬೀರು ತೆಗೆದೆ. ಮಳೆಗಾಲದ ತೇವವನ್ನೂ ಸೇರಿಸಿಯೇ ಸುತ್ತಿಟ್ಟಿದ್ದೆ ನಾನು. ಒಳಗೆಲ್ಲ ಹಸಿರು ಕಿಲುಬು. ಕೀಗಳ ಕೆಳಗಿನ ತೆಳು ಹಾಳೆ ಮುಟ್ಟಿದರೆ ಹಪ್ಪಳದಂತೆ ಮುರಿಯಿತು. ಟೀವಿ ರಿಪೇರಿಯವನು ತಿರುಗಿಸಿ ನೋಡಿ, "ಇದ್ರಲ್ಲಿ ಎಂತದೂ ಉಳ್ದಿಲ್ಲ ಸಾರ್" ಎಂದ. ನನ್ನ ಮೇಲೆ ನನಗೇ ಸಿಟ್ಟು ಬಂತು.

ಕಟ್ಟಿಗೆ ಕೋಣೆಯ ಗೋಡೆ ಮಾತ್ರ ಒಲೆಯ ಬಿಸಿಗೆ ವರ್ಷವಿಡೀ ಬೆಚ್ಚಗೆ. ಬೂದು ಡಬ್ಬದ ಮಸಿ ಒರೆಸಿ ಸ್ವಿಚ್ ಒತ್ತಿದೆ. ಹಾಳಾದದ್ದು, ಎದ್ದು ಕೂತಿತು.

ಹೆಂಡತಿಯ ತೋಳು ಹಿಡಿದು ಅವನು ಬಸ್ಸಿನಲ್ಲಿ ಬಂದ. ನಡೆದದ್ದನ್ನು ಹೇಳಿದೆ. ಬೂದು ಡಬ್ಬದ ಮುಂದೆ ಕೂತು, ಎಡಗೈಯಿಂದ ಬಲಗೈಯನ್ನು ಎತ್ತಿ ಕೀಬೋರ್ಡಿನ ಮೇಲಿಟ್ಟ. ಗಟ್ಟಿ ಕೀಗಳು. ತನ್ನ ಹೆಸರು ಒತ್ತುವಷ್ಟರಲ್ಲಿ ಹಣೆಯಲ್ಲಿ ಬೆವರು. ಒಂದು ಅಕ್ಷರ ತಪ್ಪಿತ್ತು. ಆದರೂ ಅವನ ಮುಖ ಅರಳಿತು.

"ಇದನ್ನೇ ಒಂದ್ ತಿಂಗ್ಳು ಮನೆಗೆ ತಗೊಂಡ್ ಹೋಗ್ಲಾ?"

ಯಾರಾದರೂ ಹೊತ್ತುಕೊಂಡು ಹೋದರೆ ಸಾಕು ಎಂದು ವರ್ಷಗಟ್ಟಲೆ ಬೈದ ಡಬ್ಬ ಅದು. ಆದರೂ ಬಾಯಿಂದ 'ಆಯ್ತು' ಕೂಡಲೇ ಹೊರಡಲಿಲ್ಲ. ಒಂದು ಕ್ಷಣ ತಡವಾಯಿತು, ಅಷ್ಟೇ. ಅವನು ನನ್ನ ಮುಖ ನೋಡಿ, ಎಡಗೈಯಿಂದ ತನ್ನ ಬಲಗೈಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ.

"ಬೇಡ ಬಿಡು" ಎಂದ.