ಗುಳ್ಳೆ ಇಲ್ಲದ ಬಾಟಲಿ

ಬೆಳಕು ಹರಿಯುವ ಹೊತ್ತು. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಹಿಂಬದಿಯಲ್ಲಿ, ಶುದ್ಧಮಾಡಿದ ಕೊಳಕು ನೀರು ಕಾಲುವೆಗೆ ಇಳಿಯುವ ಗೇಟಿನ ಬಳಿ, ಆಕೆ ಕುಕ್ಕರುಗಾಲಿನಲ್ಲಿ ಕೂತಿದ್ದಾರೆ. ಗಾಜಿನ ಬಾಟಲಿ ಬಾಯಿತುಂಬಿ ಹೊರಚೆಲ್ಲುವವರೆಗೆ ಕಾದು, ಬಿರಡೆಯನ್ನು ಮೆಲ್ಲಗೆ ಜಾರಿಸಿ ಮುಚ್ಚುತ್ತಾರೆ. ತಲೆಕೆಳಗು ಮಾಡಿ ಬೆಳಕಿಗೆ ಹಿಡಿಯುತ್ತಾರೆ. ಸಾಸಿವೆ ಕಾಳಿನಷ್ಟು ಗುಳ್ಳೆ ಕಂಡರೂ ಸರಿ, ಚೆಲ್ಲಿ ಮತ್ತೆ ಮೊದಲಿನಿಂದ.

"ಗುಳ್ಳೆ ಅಂದ್ರೆ ಹೊರಗಿನ ಗಾಳಿ. ಅದು ಒಳಗೆ ಸೇರ್ಕೊಂಡ್ರೆ ಸತ್ತ ನೀರೂ ಬದುಕಿದೀನಿ ಅಂತ ಸುಳ್ಳು ಹೇಳುತ್ತೆ," ಎನ್ನುತ್ತಾರೆ.

ಹತ್ತೊಂಬತ್ತು ವರ್ಷಗಳಿಂದ ದಿನಕ್ಕೆ ಆರು ಬಾಟಲಿ. ಕಾರ್ಖಾನೆಯಲ್ಲಿ ಎಲ್ಲರಿಗೂ ಈಕೆ ಬಾಟಲಿ ಅಕ್ಕ. ಗಂಡ ಹಾಸಿಗೆ ಹಿಡಿದಾಗ ಕಸ ಗುಡಿಸಲು ಸೇರಿದವರಿಗೆ ಪ್ರಯೋಗಾಲಯದ ಮೇಡಂ ಈ ಕೆಲಸ ಕಲಿಸಿದರು. ಬಾಟಲಿಗೆ ಎರಡು ದ್ರಾವಣ ಹಾಕಿ ಕುಲುಕಿದಾಗ ಕಂದು ಬಣ್ಣ ಬಂದರೆ ನೀರಿನಲ್ಲಿ ಆಮ್ಲಜನಕ ಇದೆ, ಬಿಳಿಯೇ ಉಳಿದರೆ ಇಲ್ಲ. ಎಷ್ಟಿದೆ ಎಂಬ ಲೆಕ್ಕ ಆಮೇಲಿನದು. ಮೇಡಂ ನಿವೃತ್ತರಾಗಿ ಎಂಟು ವರ್ಷವಾಯಿತು. ಅಕ್ಕ ಇಂದಿಗೂ ದಿನದ ಮೊದಲ ಬಾಟಲಿ ಎತ್ತುವಾಗ ಅವರನ್ನು ನೆನೆಯುತ್ತಾರೆ. "ಪೊರಕೆ ಹಿಡಿದ ಕೈಗೆ ಬಾಟಲಿ ಕೊಟ್ರು. ಯಾರು ಕೊಡ್ತಾರೆ ಹೇಳಿ?"

ಈಗ ಗೇಟಿನ ಬಳಿ ಮೀಟರ್ ಮಹಾಶಯರು ಬಂದು ಕೂತಿದ್ದಾರೆ. ನೀರಿನಲ್ಲಿ ಮುಳುಗಿಕೊಂಡೇ ಆಮ್ಲಜನಕದ ಅಂಕಿಯನ್ನು ಕಚೇರಿಯ ಪರದೆಗೆ ಕಳಿಸುವುದು ಅವರ ಕೆಲಸ. ಇನ್ನು ಬಾಟಲಿ ಯಾಕೆ ಎಂದು ಮ್ಯಾನೇಜರ್ ತಮಾಷೆ ಮಾಡುತ್ತಿದ್ದರು. ಹೋದ ಬೇಸಿಗೆಯ ಒಂದು ಬೆಳಿಗ್ಗೆ ಪರದೆಯಲ್ಲಿ ಐದೂವರೆ ಎಂಬ ಒಳ್ಳೆಯ ಅಂಕಿ ಇತ್ತು. ಅಕ್ಕನ ಬಾಟಲಿಯಲ್ಲಿ ಹಾಲಿನಂಥ ಬಿಳಿ. ಇನ್ನೊಂದು ತುಂಬಿದರು. ಅದೂ ಬಿಳಿ. ಕಾಲುವೆಯ ಕೆಳಗೆ ಕೂಗಳತೆಯಲ್ಲಿ ಅಜ್ಜಿಯೊಬ್ಬರ ಮೀನುಕೊಳ ಈ ನೀರನ್ನೇ ನಂಬಿಕೊಂಡಿದೆ. ಅಕ್ಕ ಎರಡೂ ಬಾಟಲಿ ಹಿಡಿದು ಮ್ಯಾನೇಜರ್ ಬಳಿಗೆ ಓಡಿದರು.

"ಗೇಟ್ ಮುಚ್ಚಿಸಿ ಸಾರ್."

"ಮೀಟರ್ ಸರಿಯಾಗೇ ತೋರಿಸ್ತಿದೆಯಲ್ಲಮ್ಮ. ಗೇಟ್ ಮುಚ್ಚಿದ್ರೆ ಕಾರ್ಖಾನೆನೇ ನಿಲ್ಲುತ್ತೆ."

"ನಿಲ್ಲಲಿ ಸಾರ್. ನನ್ನ ಬಾಟಲಿ ತಪ್ಪಾದ್ರೆ ನಾಳೆಯಿಂದ ಪೊರಕೆ ಹಿಡೀತೀನಿ."

ಮ್ಯಾನೇಜರ್ ಅರೆಮನಸ್ಸಿನಿಂದ ಗೇಟ್ ಮುಚ್ಚಿಸಿದರು. ಮೀಟರಿನ ಕಡ್ಡಿಯನ್ನು ಅಲುಗಿಸಿದಾಗ ಅದರ ತುದಿಗೆ ಅಂಟಿದ್ದ ಗುಳ್ಳೆಯೊಂದು ಮೇಲೆದ್ದು ಒಡೆಯಿತು. ಪರದೆಯ ಅಂಕಿ ಸರ್ರನೆ ಸೊನ್ನೆಯತ್ತ ಇಳಿಯಿತು. ಹೋಗಿ ನೋಡಿದರೆ, ಕೊಳಕು ನೀರನ್ನು ಶುದ್ಧಮಾಡುವ ತೊಟ್ಟಿಗೆ ಗಾಳಿ ಊದುವ ಯಂತ್ರದ ಬೆಲ್ಟ್ ಕಿತ್ತುಹೋಗಿ, ಬರೀ ಮೋಟಾರು ಸದ್ದು ಮಾಡುತ್ತಿತ್ತು.

ಮರುದಿನ ಮೀನುಕೊಳದ ಅಜ್ಜಿ ಗೇಟಿಗೇ ಬಂದು, ಒಂದಿಡೀ ದಿನ ನೀರು ಬಿಡಲಿಲ್ಲವೆಂದು ಅಕ್ಕನಿಗೆ ಚೆನ್ನಾಗಿ ಬೈದರು. ಅದನ್ನು ಹೇಳುವಾಗ ಅಕ್ಕ ನಗುತ್ತಾರೆ. "ಬೈಲಿ ಬಿಡಿ. ಮೀನು ಸತ್ತಿದ್ರೆ ಅವರು ಅಳ್ತಾ ಬರ್ತಿದ್ರು."

ಈಗ ಮ್ಯಾನೇಜರ್ ಪರದೆ ನೋಡುವ ಮುಂಚೆ "ಬಣ್ಣ ಏನು ಬಂತಕ್ಕ?" ಎಂದು ಕೇಳುತ್ತಾರೆ. ಇನ್ನೇನು ಬೇಕು ನಿಮಗೆ ಎಂದರೆ ಅಕ್ಕ ಸೆರಗಿನಿಂದ ಬಾಟಲಿಯ ಹೊರಮೈ ಒರೆಸುತ್ತಾ ಯೋಚಿಸುತ್ತಾರೆ.

"ಮೇಡಂ ಒಂದ್ಸಲ ಬಂದು, ನಾನು ತುಂಬಿದ ಬಾಟಲಿನ ತಲೆಕೆಳಗು ಮಾಡಿ ನೋಡ್ಬೇಕು. ಎಷ್ಟು ಹುಡುಕಿದ್ರೂ ಒಂದು ಗುಳ್ಳೆ ಸಿಗಲ್ಲ ಅವರಿಗೆ."